ಒಂಬತ್ತು ದೊಡ್ಡದೋ, ಹನ್ನೆರಡು ದೊಡ್ಡದೋ

ಮಳವಳ್ಳಿಯ ಮೈದಾನದಲ್ಲಿ ನನ್ನ ಬಲಗಡೆಯ ಕೊರಳೆಲುಬು ಮುರಿದಾಗ ನೋವಿಗಿಂತ ಮೊದಲು ನನಗೆ ಸದ್ದು ಕೇಳಿಸಿತು. ಒಣಗಿದ ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಂಥ ಸದ್ದು. ಪೈಪು ಬೀಸಿದವನು ನನ್ನನ್ನು ಗುರಿಯಿಟ್ಟಿರಲಿಲ್ಲ. ನನ್ನ ಬೆನ್ನ ಹಿಂದೆ, ಮೇಜಿನ ಕೆಳಗೆ ಅರ್ಧ ತೂರಿಕೊಂಡು ಕೂತಿದ್ದ ಸ್ಕೋರ್ ಬೋರ್ಡಿನವನ ತಲೆ ಅವನಿಗೆ ಬೇಕಾಗಿತ್ತು. ನಾನು ನಡುವೆ ಹೋದೆ. ಯಾಕೆ ಹೋದೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಯೋಚನೆ ಮಾಡಿದ್ದರೆ ಹೋಗುತ್ತಿರಲಿಲ್ಲ.

ಜಗಳ ಹುಟ್ಟಿದ್ದು ನಾನು ಬರೆದ ಒಂದು ಸಣ್ಣ ಕಂಪ್ಯೂಟರ್ ಪ್ರೋಗ್ರಾಮಿನ ಸುತ್ತ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಮದ್ದೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಅದಕ್ಕೂ ಮುಂಚೆ ಕಬಡ್ಡಿ ಆಡುತ್ತಿದ್ದೆ. ನನ್ನ ಮುಂದಿನ ಹಲ್ಲೊಂದು ಕಟ್ಟಿಸಿದ್ದು. ಎಡಗೈಯ ಕಿರುಬೆರಳು ಕೊಕ್ಕೆಯ ಹಾಗೆ ಬಾಗಿದೆ. ಮಂಡ್ಯದಲ್ಲಿ ಒಮ್ಮೆ ಎದುರು ತಂಡದ ರೈಡರ್ ಒಬ್ಬಳ ಪಾದ ಹಿಡಿದು ಎಳೆದಾಗ ಅವಳ ಮಂಡಿ ತಿರುಚಿಹೋಯಿತು. ಅವಳು ನೆಲ ಬಡಿಯುತ್ತಾ ಕಿರುಚುತ್ತಿದ್ದಾಗ ನನ್ನ ತಂಡದವರು ನನ್ನ ಬೆನ್ನು ತಟ್ಟಿದರು. ನಿಯಮದೊಳಗೇ ಹಿಡಿದಿದ್ದೆ, ಅಂಕ ನಮಗೇ ಬಂತು. ಈ ಸೀಮೆಯಲ್ಲಿ ಕಬಡ್ಡಿಯೆಂದರೆ ಹಾಗೇ. ಅಂಕಣದ ಒಳಗೆ ಮೂಳೆ ಮುರಿದರೆ ಆಟ, ಹೊರಗೆ ಮುರಿದರೆ ಗಲಾಟೆ.

ಆಡುವುದು ಬಿಟ್ಟ ಮೇಲೆ ಅಂಪೈರ್ ಆದೆ. ಆಗ ಗೊತ್ತಾಯಿತು, ಅರ್ಧಕ್ಕರ್ಧ ಗಲಾಟೆಗಳು ಹಿಡಿತದಿಂದ ಹುಟ್ಟುವುದಿಲ್ಲ, ಲೆಕ್ಕದಿಂದ ಹುಟ್ಟುತ್ತವೆ. ಎರಡು ತಂಡ ಸಮಸಮ ಪಂದ್ಯ ಗೆದ್ದಿದ್ದರೆ ಮುಂದೆ ಹೋಗುವವರು ಯಾರು? ಗಳಿಸಿದ ಅಂಕದಲ್ಲಿ ಬಿಟ್ಟುಕೊಟ್ಟ ಅಂಕ ಕಳೆದು, ಯಾರ ವ್ಯತ್ಯಾಸ ಹೆಚ್ಚೋ ಅವರು. ಇದನ್ನು ಬೆವರು ಸುರಿಯುವ ಬಿಸಿಲಲ್ಲಿ, ಸುತ್ತ ಮುನ್ನೂರು ಜನ ಬಗ್ಗಿ ನೋಡುತ್ತಿರುವಾಗ ಕಾಗದದ ಮೇಲೆ ಮಾಡಬೇಕು. ಒಂದು ಸಲ ಹಾಗೆ ಲೆಕ್ಕ ಮಾಡುತ್ತಿದ್ದ ಮೇಷ್ಟರೊಬ್ಬರ ಕನ್ನಡಕಕ್ಕೆ ಯಾರೋ ಗುದ್ದಿದರು. ಗಾಜು ರೆಪ್ಪೆಗೆ ಹೊಕ್ಕಿತು. ಆ ವಾರವೇ ನಾನು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯಲು ಕೂತೆ. ಪಂದ್ಯಾವಳಿಯ ಪಟ್ಟಿ ಮಾಡಿ ಯಾರು ಮೇಲೆ ಯಾರು ಕೆಳಗೆ ಎಂದು ಹೇಳುವ ಒಂದು ಪ್ಯಾಕೇಜು. ಅದನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ನೋಡಬಹುದು, ತಿದ್ದಬಹುದು.

ತೆಗೆದುಕೊಂಡವರಲ್ಲಿ ಬೋರ್ಡಿನವನೂ ಒಬ್ಬ. ಮಳವಳ್ಳಿಯಲ್ಲಿ ಅವನದು ಫ್ಲೆಕ್ಸ್ ಅಂಗಡಿ. ಮೂವತ್ತು ತುಂಬದ, ಕಡ್ಡಿಯಂಥ ಮೈಯ, ಬಾಯಿ ಜೋರಿನ ಮನುಷ್ಯ. ವಿಡಿಯೊ ನೋಡಿ ನೋಡಿ ಪ್ರೋಗ್ರಾಮಿಂಗ್ ಕಲಿತಿದ್ದ. ತಾನೇ ಕೈಯಾರೆ ಎಲ್‌ಇಡಿ ದೀಪಗಳನ್ನು ಜೋಡಿಸಿ ಆಳೆತ್ತರದ ಸ್ಕೋರ್ ಬೋರ್ಡು ಮಾಡಿ, ಗೂಡ್ಸ್ ಆಟೊ ಮೇಲೆ ಹೇರಿಕೊಂಡು ಪಂದ್ಯ ನಡೆಯುವ ಊರೂರಿಗೆ ಒಯ್ಯುತ್ತಿದ್ದ. ಬೋರ್ಡಿನಲ್ಲಿ ತಂಡಗಳನ್ನು ಮೇಲೆ ಕೆಳಗೆ ಜೋಡಿಸುವ ಕೆಲಸ ನನ್ನ ಪ್ಯಾಕೇಜಿನದು. ಅದರ ಮೇಲೆ ಅಂಕ ಒತ್ತುವ, ಬಣ್ಣ ತೋರಿಸುವ ಪ್ರೋಗ್ರಾಮು ಅವನದು.

ಇದೇ ಹೊತ್ತಿಗೆ ದೂರದ ದೇಶದ ಬಳಕೆದಾರನೊಬ್ಬ ನನಗೆ ಮತ್ತೆ ಮತ್ತೆ ಬರೆಯುತ್ತಿದ್ದ: ನಿಮ್ಮ ಪ್ಯಾಕೇಜಿನ ಜೊತೆ ಟೈಪ್ ಹಿಂಟ್‌ಗಳನ್ನೂ ಕೊಡಿ. ಟೈಪ್ ಹಿಂಟ್ ಎಂದರೆ, ಪ್ರೋಗ್ರಾಮಿನ ಯಾವ ಜಾಗಕ್ಕೆ ಯಾವ ಬಗೆಯ ಮಾಹಿತಿ ಬರಬೇಕು ಎಂದು ಅಲ್ಲೇ ಬರೆದಿಡುವ ಸೂಚನೆ. ಇಲ್ಲಿ ಸಂಖ್ಯೆ, ಇಲ್ಲಿ ಅಕ್ಷರ, ಇಲ್ಲಿ ದಿನಾಂಕ, ಹೀಗೆ. ಬರೆದಿಟ್ಟರೆ ತಪ್ಪು ಬಗೆಯದನ್ನು ಕೊಟ್ಟವರನ್ನು ಹಿಡಿದು ತೋರಿಸುವ ತಪಾಸಣೆಯ ಸಾಧನಗಳಿವೆ. ನಾನು ಆಗಲಿ ನೋಡೋಣ ಎಂದು ಉತ್ತರ ಕೊಡುತ್ತಿದ್ದೆ. ಕಬಡ್ಡಿ ಅಂಕ ಸಂಖ್ಯೆಯಲ್ಲದೆ ಇನ್ನೇನಾಗಿರುತ್ತದೆ ಎಂದುಕೊಂಡಿದ್ದೆ.

ಮಳವಳ್ಳಿಯ ಪಂದ್ಯಾವಳಿ ಭಾನುವಾರ ಬೆಳಗ್ಗೆ ಶುರುವಾಯಿತು. ಗೆದ್ದವರಿಗೆ ಟಗರು. ಕೊಂಬಿಗೆ ಬಣ್ಣ ಬಳಿದು ಬೇವಿನ ಮರಕ್ಕೆ ಕಟ್ಟಿದ್ದರು, ಅದು ಹತ್ತಿರ ಹೋದವರಿಗೆಲ್ಲ ಗುಮ್ಮಲು ಬರುತ್ತಿತ್ತು. ಮೊದಲ ಪಂದ್ಯದಿಂದಲೇ ಆಟ ಬಿಸಿಯಾಗಿತ್ತು. ಒಬ್ಬನ ಭುಜ ಜಾರಿತು. ಇನ್ನೊಬ್ಬ ಬಾಯಲ್ಲಿ ರಕ್ತ ತುಂಬಿಕೊಂಡೇ ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದ, ಅವನು ಉಸಿರು ಬಿಟ್ಟಾಗ ಕೆಂಪು ಹನಿಗಳು ಮಣ್ಣಿನ ಮೇಲೆ ಬಿದ್ದವು. ಜನ ಕೇಕೆ ಹಾಕಿದರು. ನಾನೂ ಕುರ್ಚಿಯ ತುದಿಯಲ್ಲಿ ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಎರಡು ತಂಡ ಸಮಸಮ ನಿಂತವು. ಒಂದು ಬ್ಲಫ್ ಎಂಬ ಊರಿನ ಕಡೆಯ ಕೆಂಪು ಜೆರ್ಸಿಯವರು, ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ಕೆಲಸ ಮಾಡುವ ಗಟ್ಟಿಮುಟ್ಟಾದ ಹುಡುಗರು. ಇನ್ನೊಂದು ನಿಡಘಟ್ಟದ ಕಡೆಯ ಹಳದಿ ಜೆರ್ಸಿಯವರು. ಫೈನಲ್ಲಿಗೆ ಇವರಲ್ಲಿ ಒಬ್ಬರೇ ಹೋಗಬೇಕು. ಬೋರ್ಡು ಹಳದಿ ತಂಡವನ್ನು ಮೇಲೆ ತೋರಿಸಿತು. ನಾನಾಗ ಒಬ್ಬನ ಸೀಳಿದ ಹುಬ್ಬಿಗೆ ಹತ್ತಿ ಒತ್ತಿ ಹಿಡಿದಿದ್ದೆ. ಹೆಸರಷ್ಟೇ ನೋಡಿ ಸರಿ ಎಂದು ತಲೆಯಾಡಿಸಿದೆ. ಮೈಕಿನವನು ಕೂಗಿಬಿಟ್ಟ.

ಕೆಂಪು ತಂಡದವರು ನೀರಿನ ಟ್ಯಾಂಕರಿನ ಬಳಿ ಮುಖ ತೊಳೆಯುತ್ತಿದ್ದರು. ಬೋರ್ಡಿನ ಮೇಲೆ ಪೂರ್ತಿ ಪಟ್ಟಿ ಉರುಳಿ ಬಂತು. ಹಳದಿ, ವ್ಯತ್ಯಾಸ ಒಂಬತ್ತು. ಅದರ ಕೆಳಗೆ ಕೆಂಪು, ವ್ಯತ್ಯಾಸ ಹನ್ನೆರಡು. ಅವರ ನಾಯಕ ಅದನ್ನು ನೋಡಿದವನು ಹಾಗೇ ಒದ್ದೆ ಮುಖದಲ್ಲಿ ನಮ್ಮ ಮೇಜಿನ ಹತ್ತಿರ ಬಂದ. ಎಮ್ಮೆಯ ಕತ್ತಿನಂಥ ಕತ್ತು, ಆದರೆ ದನಿ ಮೆತ್ತಗಿತ್ತು.

"ಮೇಡಂ, ಒಂಬತ್ತು ದೊಡ್ಡದೋ, ಅನ್ನೆರಡು ದೊಡ್ಡದೋ?"

ನಾನು ತಿರುಗಿ ಬೋರ್ಡು ನೋಡಿದೆ. ಎದ್ದು ನಿಂತು ನಿಲ್ಲಿಸಿ ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಬೋರ್ಡಿನವನು ಕೀಬೋರ್ಡಿನಿಂದ ತಲೆಯನ್ನೂ ಎತ್ತದೆ ಹೇಳಿದ:

"ಕಂಪ್ಯೂಟ್ರು ಸುಳ್ಳು ಯೋಳಲ್ಲ ಕಣ್ಲಾ. ಓಗು, ಜಾಗ ಬುಡು."

ಮೊದಲ ಏಟು ಅವನ ಕೆನ್ನೆಗೆ ಬಿತ್ತು. ಕುರ್ಚಿ ಸಮೇತ ಹಿಂದಕ್ಕೆ ಉರುಳಿದ. ಹಳದಿಯವರು ಓಡಿ ಬಂದರು, ಕೆಂಪಿನವರು ಓಡಿ ಬಂದರು, ನೋಡಲು ಬಂದಿದ್ದವರು ತಮ್ಮ ತಮ್ಮ ಊರಿನ ಪರವಾಗಿ ಒಳಗೆ ನುಗ್ಗಿದರು. ಅಂಕಣದ ಸುತ್ತ ನೆಟ್ಟಿದ್ದ ಬಿದಿರ ಗಳಗಳು ಕಿತ್ತುಬಂದವು. ಪ್ಲಾಸ್ಟಿಕ್ ಕುರ್ಚಿಗಳು ಜನರ ತಲೆಯ ಮೇಲೆ ಹಾರಾಡಿದವು. ಸೋಡಾ ಬಾಟಲಿಗಳ ಕ್ರೇಟು ಒಡೆದು, ಬರಿಗಾಲಿನ ಆಟಗಾರರು ಗಾಜಿನ ಮೇಲೆಯೇ ಓಡಾಡಿ ಹೊಡೆದಾಡಿದರು. ಬೋರ್ಡಿನವನನ್ನು ಇಬ್ಬರು ಅವನದೇ ಕರೆಂಟಿನ ಕೇಬಲ್ಲಿನಿಂದ ಕೊರಳು ಸುತ್ತಿ ಜನರೇಟರಿನ ತನಕ ಎಳೆದುಕೊಂಡು ಹೋದರು. ಕಬ್ಬಿಣದ ಅಂಚಿಗೆ ಅವನ ತಲೆ ಬಡಿದರು. ಎಡಗಿವಿ ಸೀಳಿ ಜೋತುಬಿತ್ತು. ಹೇಗೋ ಜಾರಿಕೊಂಡು ತೆವಳಿ ಬಂದು ನನ್ನ ಮೇಜಿನ ಕೆಳಗೆ ಸೇರಿದ.

ನಾಯಕ ಬೋರ್ಡಿನ ಕಾಲಿನಿಂದ ಪೈಪು ಕಿತ್ತುಕೊಂಡಿದ್ದ. ಮೊದಲು ಬೋರ್ಡಿಗೆ ಬಾರಿಸಿದ. ದೀಪಗಳು ಪಟಪಟನೆ ಸಿಡಿದವು. ಆಮೇಲೆ ನಮ್ಮ ಕಡೆ ತಿರುಗಿದ. ಅವನ ಕಣ್ಣಿನಲ್ಲಿ ನನ್ನ ಗುರುತು ಇರಲಿಲ್ಲ.

ಉಳಿದದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಬಾಯಿಗೆ ಮಣ್ಣು. ಯಾರದೋ ಮೊಣಕೈ. ಹಗ್ಗ ಕಿತ್ತುಕೊಂಡ ಟಗರು ಜನರ ನಡುವೆ ಗುಮ್ಮಿಕೊಂಡು ಓಡಿದ್ದು. ಕೈಯಲ್ಲಿ ಪೈಪು ಹಿಡಿದೇ ನಿಂತಿದ್ದ ನಾಯಕ, "ಅಯ್ಯೋ, ಮೇಡಮ್ಮೋರಿಗೆ ಬಿತ್ತು" ಎಂದದ್ದು.

ಮಂಡ್ಯದ ಆಸ್ಪತ್ರೆಯಲ್ಲಿ ಎಲುಬಿಗೆ ಲೋಹದ ಪಟ್ಟಿ ಕೂರಿಸಿ ಕೈಯನ್ನು ಎದೆಗೆ ಬಿಗಿದು ಕಟ್ಟಿದರು. ನನ್ನ ಜೊತೆ ಇರುವವಳು ಅಕ್ಕ. ಮದ್ದೂರಿನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದೇವೆ, ಅವಳು ಹೊಲಿಗೆ ಹಾಕುತ್ತಾಳೆ. ಹಾಸಿಗೆಯ ಪಕ್ಕ ಕೂತು ಮೂಸಂಬಿ ಸುಲಿಯುತ್ತಾ ಬೈದಳು:

"ಆಡೋವಾಗ ಮುರ್ಕಂಡಿದ್ದು ಸಾಲ್ದು ಅಂತ ಈಗ ಲೆಕ್ಕ ಬರ್ಯಕ್ಕೋಗಿ ಮುರ್ಕಂಡು ಬಂದವ್ಳೆ. ಆ ಬೋಡಿನೋನು ನಿಂಗೇನ್ ನೆಂಟ್ನಾ?"

ಪೊಲೀಸರು ಬಂದರು. ನಾನು ನೋಡಿದ್ದನ್ನು ನೋಡಿದಂತೆ ಹೇಳಿಕೆ ಕೊಟ್ಟೆ. ನಾಯಕನನ್ನು ಹಿಡಿದರು, ಆಮೇಲೆ ಜಾಮೀನಿನ ಮೇಲೆ ಬಿಟ್ಟರು. ಅಷ್ಟರೊಳಗೆ ಫೋನುಗಳಲ್ಲಿ ವಿಡಿಯೊ ಹರಿದಾಡಿ ಒಂದು ಮಾತು ಹುಟ್ಟಿಕೊಂಡಿತ್ತು. ಹಳದಿಯವರು ಗೆದ್ದರೆ ಟಗರಿನ ಒಂದು ತೊಡೆ ಬೋರ್ಡಿನವನಿಗೆ ಎಂದು ಮೊದಲೇ ಮಾತಾಗಿತ್ತಂತೆ. ತೊಡೆಗಾಗಿ ತಂಡ ಮಾರಿಕೊಂಡವನು ಎಂದು ಅವನಿಗೆ ಹೆಸರು ಬಿತ್ತು.

ನಾನು ಮನೆಗೆ ಬಂದ ಮೇಲೆ ಒಂದು ದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅವನು ಬಸ್ಸಿನಲ್ಲಿ ಮದ್ದೂರಿಗೆ ಬಂದ. ತಲೆಗೆ ಬ್ಯಾಂಡೇಜು, ಕಿವಿಯ ಮೇಲೆ ಹತ್ತಿಯ ಉಂಡೆ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ಹಿಂದಿನ ದಿನ ಕೆಂಪು ಜೆರ್ಸಿಯ ಹುಡುಗರು ಅವನ ಅಂಗಡಿಗೆ ನುಗ್ಗಿದ್ದರಂತೆ. ಮುದ್ರಣ ಯಂತ್ರದ ಮೇಲೆ ಕಲ್ಲು ಎತ್ತಿಹಾಕಿ, ಶಾಯಿಯನ್ನೆಲ್ಲ ಗೋಡೆಗೆ ಎರಚಿ, ಅವನ ಬೆರಳುಗಳನ್ನು ಷಟರಿನ ಕೆಳಗೆ ಇಟ್ಟು ಎಳೆಯಲು ನೋಡಿದ್ದರು. ಪಕ್ಕದ ಅಂಗಡಿಯವರು ಓಡಿಬಂದದ್ದರಿಂದ ಬೆರಳು ಉಳಿದವು.

"ಕೂರು, ನೀರು ಕುಡಿ" ಎಂದೆ.

ಅವನು ಚೀಲ ಕೆಳಗಿಟ್ಟಾಗ ಖಣ್ ಎಂದಿತು. ಲ್ಯಾಪ್‌ಟಾಪು ಹಾಗೆ ಸದ್ದು ಮಾಡುವುದಿಲ್ಲ. ಎಡಗೈಯಿಂದ ಚೀಲದ ಬಾಯಿ ತೆರೆದೆ. ಒಳಗೆ ಲ್ಯಾಪ್‌ಟಾಪಿನ ಜೊತೆಗೆ, ಪೇಪರಿನಲ್ಲಿ ಸುತ್ತಿದ ಮಚ್ಚು. ಹೊಸದಾಗಿ ಸಾಣೆ ಹಿಡಿಸಿದ್ದ.

"ಇದೇನು?"

"ಬ್ಲಫ್‌ಗೆ ಓಯ್ತಾ ಇವ್ನಿ ಮೇಡಂ. ಅವ್ನ ಕಯ್ಯಿ ಕಡೀತೀನಿ. ಕತ್ತಲ್ಲ, ಕಯ್ಯಿ. ಯಾವ್ ಕಯ್ಯಲ್ಲಿ ಪೈಪ್ ಇಡ್ಕಂಡಿದ್ನೋ ಆ ಕಯ್ಯಿ. ಓಗೋಕ್ಮುಂಚೆ ನಿಮ್ಗೊಂದ್ ಮಾತು ಯೋಳನ ಅಂತ ಬಂದೆ. ನಾನು ಯಾರ್ ತಾವೂ ಏನೂ ಈಸ್ಕಂಡಿಲ್ಲ."

ಅವನ ದನಿ ನಡುಗುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೆ. ಅಂಕಣದಲ್ಲಿ ನಿಜವಾಗಿ ಮೂಳೆ ಮುರಿಯುವವರು ಕೂಗಾಡುವುದಿಲ್ಲ.

ಅಕ್ಕ ಒಳಗಿನಿಂದ ಬಂದವಳು ಏನೂ ಕೇಳದೆ ಚೀಲದಿಂದ ಮಚ್ಚು ಎತ್ತಿಕೊಂಡಳು. "ಒಳ್ಳೇ ಅರಿತಾ ಅದೆ. ಕುಂಬ್ಳಕಾಯಿ ಎಚ್ಬೇಕಿತ್ತು" ಎಂದು ಅಡುಗೆ ಮನೆಗೆ ಹೋದಳು. ಅವನು ಎದ್ದು ನಿಂತ. ಬಾಗಿಲಿಗೆ ಅಡ್ಡ ನಿಲ್ಲಲು ನನ್ನಲ್ಲಿ ಒಂದೇ ಕೈ ಇತ್ತು.

"ನೀನು ಈಸ್ಕೊಂಡಿಲ್ಲ ಅಂತ ನನಗೆ ಗೊತ್ತು" ಎಂದೆ. "ಆದರೆ ಒಂಬತ್ತು ಹನ್ನೆರಡರ ಮೇಲೆ ಹೇಗೆ ಹೋಯಿತು ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅದು ಗೊತ್ತಾಗಲಿ. ಆಮೇಲೆ ಎಲ್ಲಿಗಾದರೂ ಹೋಗು."

ಅವನು ಮತ್ತೆ ಕೂತು ಲ್ಯಾಪ್‌ಟಾಪು ತೆರೆದ. ತೆರೆಯ ಒಂದು ಮೂಲೆ ಬಿರುಕು ಬಿಟ್ಟಿತ್ತು.

ಅವನ ಪ್ರೋಗ್ರಾಮು ಸಾವಿರಾರು ಸಾಲು, ತೇಪೆ ಮೇಲೆ ತೇಪೆ. ಕಣ್ಣಲ್ಲಿ ಓದಿ ತಪ್ಪು ಹುಡುಕುವುದು ಆಗದ ಮಾತು. ತಪಾಸಣೆ ಸಾಧನವನ್ನು ಓಡಿಸಬಹುದು, ಆದರೆ ನನ್ನ ಪ್ಯಾಕೇಜಿನಲ್ಲಿ ಟೈಪ್ ಹಿಂಟ್‌ಗಳೇ ಇರಲಿಲ್ಲ. ಏನು ಕೊಟ್ಟರೂ ಅದು ತುಟಿಪಿಟಕ್ಕೆನ್ನದೆ ನುಂಗುತ್ತಿತ್ತು. ಹಾಗಾಗಿ ಮೊದಲು ಅದಕ್ಕೆ ಬಾಯಿ ಕೊಡಬೇಕಾಯಿತು. ನಾನು ಹೇಳಿದೆ, ಅವನು ಒತ್ತಿದ. ತಂಡದ ಹೆಸರು, ಅಕ್ಷರ. ಗೆದ್ದ ಪಂದ್ಯ, ಸಂಖ್ಯೆ. ಅಂಕ ವ್ಯತ್ಯಾಸ, ಸಂಖ್ಯೆ. ಒಂದೊಂದು ಜಾಗಕ್ಕೂ ಬರೆಯುತ್ತ ಹೋದೆವು. ನಡುನಡುವೆ ಅವನ ಫೋನು ರಿಂಗಾಗುತ್ತಿತ್ತು. ತೆಗೆದರೆ ಯಾರೋ ಅವನ ತಾಯಿಯ ಹೆಸರೆತ್ತಿ ಬೈಯುತ್ತಿದ್ದರು. ಅವನು ಅಷ್ಟೇ ಜೋರಾಗಿ ವಾಪಸು ಬೈದು, ಫೋನು ಇಟ್ಟು, ಮತ್ತೆ ಕೀಲಿ ಒತ್ತುತ್ತಿದ್ದ. ಒಂದು ಸಲ ಸಿಟ್ಟಿಗೆ ಕೀಲಿಯೊಂದು ಕಿತ್ತು ಹಾರಿತು.

ಮುಗಿದ ಮೇಲೆ ಹೊಸ ಆವೃತ್ತಿ ಕಟ್ಟಿ ಇಂಟರ್ನೆಟ್ಟಿಗೆ ಏರಿಸಿದೆವು. ಅವನು ಅದನ್ನು ಇಳಿಸಿಕೊಂಡು ತಪಾಸಣೆ ಓಡಿಸಿದ. ಒಂದು ತಪ್ಪೂ ಇಲ್ಲ ಎಂದು ಬಂತು.

ಅವನು ಲ್ಯಾಪ್‌ಟಾಪು ಮುಚ್ಚಿದ. "ನೋಡುದ್ರಾ? ನಂದೇನೂ ತಪ್ಪಿಲ್ಲ. ಅಕ್ಕಾ, ಎಲ್ಲಿ ನಮ್ ಮಚ್ಚು?"

"ಇಲ್ಲ, ಇರು" ಎಂದೆ. ಬೋರ್ಡಿನ ಮೇಲೆ ಒಂಬತ್ತು ಹನ್ನೆರಡನ್ನು ತುಳಿದು ನಿಂತದ್ದನ್ನು ನಾನೇ ನೋಡಿದ್ದೆ. ತಪ್ಪಿಲ್ಲ ಎನ್ನುವ ಉತ್ತರವೇ ಸುಳ್ಳು. ಅವನ ಸೆಟ್ಟಿಂಗು ತೆಗೆಸಿ ನೋಡಿದರೆ, ಹೊರಗಿನ ಪ್ಯಾಕೇಜುಗಳ ಬಗ್ಗೆ ಬರುವ ದೂರುಗಳನ್ನು ತೋರಿಸಬೇಡ ಎಂದು ಅವನು ಎಂದೋ ಬಾಯಿ ಮುಚ್ಚಿಸಿ ಇಟ್ಟಿದ್ದ. ಅದನ್ನು ಬಿಚ್ಚಿ ಮತ್ತೆ ಓಡಿಸಿದಾಗ ಬಂದದ್ದು ಒಂದೇ ಸಾಲು. ಈ ಪ್ಯಾಕೇಜು ಇದೆ, ಆದರೆ ಇದರ ಟೈಪುಗಳನ್ನು ನಂಬಬಹುದು ಎಂಬ ಗುರುತಿನ ಫೈಲು ಇಲ್ಲ, ಆದ್ದರಿಂದ ಒಳಗೆ ನೋಡದೆ ಬಿಟ್ಟಿದ್ದೇನೆ ಎಂಬರ್ಥದ್ದು.

ಆ ಗುರುತಿನ ಫೈಲಿನ ಹೆಸರು ಪೈ ಡಾಟ್ ಟೈಪ್ಡ್. ಒಳಗೆ ಒಂದಕ್ಷರವೂ ಇರಬೇಕಾಗಿಲ್ಲ. ಅದು ಪ್ಯಾಕೇಜಿನ ಜೊತೆ ಇದ್ದರೆ ಸಾಕು, ತಪಾಸಣೆ ಮಾಡುವ ಸಾಧನ ಹಿಂಟ್‌ಗಳನ್ನು ನಂಬುತ್ತದೆ. ನನ್ನ ಯಂತ್ರದಲ್ಲಿ ಆ ಫೈಲು ಇತ್ತು. ಪ್ಯಾಕೇಜು ಕಟ್ಟುವಾಗ ಪ್ರೋಗ್ರಾಮಿನ ಫೈಲುಗಳಷ್ಟೇ ಮೂಟೆ ಸೇರಿ ಇದು ಹೊರಗೇ ಉಳಿದುಬಿಟ್ಟಿತ್ತು. ನನ್ನ ಕಡೆ ಎಲ್ಲ ಸರಿ, ತೆಗೆದುಕೊಂಡವರ ಕಡೆ ಏನೂ ಇಲ್ಲ.

ಅವನಿಗೆ ಹೇಳಿದಾಗ ಕಣ್ಣರಳಿಸಿದ. "ಒಳ್ಗೆ ಏನೂ ಇಲ್ದಿರೋ ಫೈಲ್‌ಗೆ ಇಷ್ಟ್ ದಿಮಾಕಾ?"

ಕಟ್ಟುವ ಸೂಚನೆಯಲ್ಲಿ ಆ ಫೈಲಿನ ಹೆಸರು ಸೇರಿಸಿದೆವು. ಮೂಟೆ ಬಿಚ್ಚಿ ಒಳಗೆ ಇದೆಯೆಂದು ಕಣ್ಣಾರೆ ನೋಡಿದೆವು. ಮತ್ತೆ ಏರಿಸಿ, ಮತ್ತೆ ಇಳಿಸಿ, ಮತ್ತೆ ಓಡಿಸಿದ. ಈ ಸಲ ತೆರೆಯ ತುಂಬ ಕೆಂಪು. ಅಂಕ ವ್ಯತ್ಯಾಸದ ಸಾಲಿನ ಮುಂದೆ ಬರೆದಿತ್ತು: ಇಲ್ಲಿ ಸಂಖ್ಯೆ ಬೇಕು, ಕೊಟ್ಟಿರುವುದು ಅಕ್ಷರ.

ಅವನು ವ್ಯತ್ಯಾಸವನ್ನು ತಾನೇ ಲೆಕ್ಕ ಹಾಕಿ ತೆರೆಯ ಮೇಲಿನ ಖಾನೆಯಲ್ಲಿ ಬೆರಳಚ್ಚಿಸಿ, ಅದನ್ನು ಸಂಖ್ಯೆಯಾಗಿ ಬದಲಾಯಿಸದೆ ಹಾಗೇ ನನ್ನ ಪ್ಯಾಕೇಜಿಗೆ ದಾಟಿಸಿದ್ದ. ಕಂಪ್ಯೂಟರು ಅಕ್ಷರಗಳನ್ನು ನಿಘಂಟಿನ ರೀತಿ ಜೋಡಿಸುತ್ತದೆ, ಮೊದಲ ಅಕ್ಷರ ಮೊದಲು. ಅಂಕಿಯಲ್ಲಿ ಹನ್ನೆರಡು ಬರೆದರೆ ಮೊದಲು ಬರುವುದು ಒಂದು. ಒಂದಕ್ಕಿಂತ ಒಂಬತ್ತು ದೊಡ್ಡದು. ಅಷ್ಟೇ. ಹಿಂದಿನ ಪಂದ್ಯಾವಳಿಗಳಲ್ಲಿ ಎರಡೂ ಕಡೆ ಎರಡೆರಡು ಅಂಕಿ ಬಂದು ಬಚಾವಾಗಿದ್ದೆವು.

ನಾನು ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಮೋಸ ಅಲ್ಲ ಎಂದು ತೋರಿಸುವ ಸಾಲು ಕಣ್ಣ ಮುಂದಿತ್ತು. ಅವನು ಎದ್ದು ಹೋಗಿ ಕಿಟಕಿಯ ಕಂಬಿಗೆ ಹಣೆ ಚಚ್ಚಿಕೊಂಡ. ಒಂದು ಸಲವಲ್ಲ. ಬ್ಯಾಂಡೇಜು ಕೆಂಪಾಯಿತು, ಹೊಲಿಗೆ ಬಿಚ್ಚಿ ರಕ್ತ ಹುಬ್ಬಿಗೆ ಇಳಿಯಿತು. ಅಕ್ಕ ಓಡಿಬಂದು ಅವನ ಸೊಂಟ ಹಿಡಿದು ಎಳೆದಳು. "ಬುಡೋ ಮಾರಾಯ, ಸಾಯ್ತೀಯಾ!" ಅವಳನ್ನೂ ತಳ್ಳಿದ. ಒಂದೇ ಕೈಯಲ್ಲಿ ಅವನ ಕೂದಲು ಹಿಡಿದು ನೆಲಕ್ಕೆ ಕೂರಿಸಿದೆ. ಆಡುತ್ತಿದ್ದ ಕಾಲದ ಹಿಡಿತ ಅದು. ಮುರಿದ ಎಲುಬಿನಲ್ಲಿ ಬೆಂಕಿ ಹೊತ್ತಿದಂತಾಗಿ ನಾನೂ ಅವನ ಪಕ್ಕದಲ್ಲೇ ಕುಸಿದೆ.

"ನನ್ ಕಯ್ಯಾರೆ ಮಾಡ್ದೆ ಮೇಡಂ" ಎಂದ. "ಅವ್ನು ಕೇಳ್ದಾಗ್ಲೂ ಓಗ್ಲಾ ಅಂದೆ."

"ಅಕ್ಷರವನ್ನು ಸಂಖ್ಯೆ ಅಂತ ನುಂಗಿದ್ದು ನನ್ನ ಪ್ರೋಗ್ರಾಮು. ಅದೂ ಏನಿದು ಅಂತ ಕೇಳಲಿಲ್ಲ" ಎಂದೆ.

ಮುಂದಿನ ದಿನಗಳಲ್ಲಿ ಹೊಸ ಆವೃತ್ತಿ ಬೇರೆ ಬೇರೆಯವರ ಪ್ರೋಗ್ರಾಮುಗಳಲ್ಲೂ ಕೆಂಪು ಸಾಲುಗಳನ್ನು ಎಬ್ಬಿಸಿತು. ಕೆಲವರು ವಂದನೆ ಹೇಳಿದರು. ಎಂದೂ ನೋಡದ ಒಬ್ಬ, ತನ್ನ ಕೆಲಸ ನಿಂತುಹೋಯಿತೆಂದು ಇಂಗ್ಲಿಷಿನಲ್ಲಿ ಕೊಳಕು ಬೈಗುಳ ಸುರಿದು, ಸಿಕ್ಕರೆ ನನ್ನ ಬೆರಳು ಮುರಿಯುವುದಾಗಿ ಬರೆದ. ಹಿಂಟ್‌ಗಳನ್ನು ಕೊಡಿ ಎಂದು ಕಾಡುತ್ತಿದ್ದವನು ಮಾತ್ರ ಏನೂ ಹೇಳದೆ ಎರಡು ತಿದ್ದುಪಡಿ ಕಳಿಸಿದ. ನಾನು ಎಡಗೈಯಲ್ಲಿ ಕೀಲಿ ಒತ್ತಿ ಅವನ್ನು ಸೇರಿಸಿಕೊಂಡೆ.

ಬೋರ್ಡಿನವನು ಬ್ಲಫ್‌ಗೆ ಹೋಗಲೇಬೇಕು ಎಂದ. ಮಚ್ಚು ಇಲ್ಲದೆ, ಲ್ಯಾಪ್‌ಟಾಪು ಮಾತ್ರ. ಒಬ್ಬನನ್ನೇ ಕಳಿಸಲು ಧೈರ್ಯವಾಗದೆ ನಾನೂ ಹೊರಟೆ. ಕೈ ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಬಸ್ಸಿನ ಪ್ರತಿ ಕುಲುಕಿಗೂ ಹಲ್ಲು ಕಚ್ಚುತ್ತಿದ್ದೆ.

ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನ ಪಕ್ಕದ ಬಯಲಿನಲ್ಲಿ ಕೆಂಪು ತಂಡ ಅಭ್ಯಾಸ ಮಾಡುತ್ತಿತ್ತು. ನಮ್ಮನ್ನು ಕಂಡದ್ದೇ ಆಟ ನಿಂತಿತು. ಇಬ್ಬರು ಕಲ್ಲು ಎತ್ತಿಕೊಂಡರು. ನಾಯಕ ಕೈ ಅಡ್ಡ ಹಿಡಿದು ಅವರನ್ನು ತಡೆದ. ನನ್ನ ಜೋಳಿಗೆ ನೋಡಿ ಮುಖ ಪಕ್ಕಕ್ಕೆ ತಿರುಗಿಸಿದ.

ಬೋರ್ಡಿನವನು ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟು ಆ ಸಾಲನ್ನು ತೋರಿಸಿದ. ನಾನು ನಿಧಾನವಾಗಿ ಹೇಳಿದೆ. ನಾಯಕ ಬಗ್ಗಿ, ತುಟಿ ಅಲ್ಲಾಡಿಸುತ್ತಾ ಓದಿದ. ಒಂಬತ್ತು, ಹನ್ನೆರಡು ಎಂದು ತಾನೇ ಕೀಲಿ ಒತ್ತಿ ಹಳೆಯ ಪ್ರೋಗ್ರಾಮಿನಲ್ಲಿ ನೋಡಿದ. ಒಂಬತ್ತು ಮೇಲೆ ಬಂತು. ತಿದ್ದಿದ ಹೊಸದರಲ್ಲಿ ನೋಡಿದ. ಹನ್ನೆರಡು ಮೇಲೆ ಬಂತು.

"ಅಂಗಾರೆ ಮೋಸ ಅಲ್ವಾ?"

"ಅಲ್ಲ" ಎಂದ ಬೋರ್ಡಿನವನು. "ನನ್ ತಪ್ಪು. ತೊಡೆ ಗಿಡೆ ಎಲ್ಲಾ ಸುಳ್ಳು. ಆದ್ರೆ ತಪ್ಪು ನಂದೇ."

ನಾಯಕ ಅವನನ್ನೇ ದಿಟ್ಟಿಸಿದ. ಆಮೇಲೆ ಕೈಯೆತ್ತಿ ಅವನ ಒಳ್ಳೆಯ ಕಿವಿಯ ಕಡೆಯ ಕೆನ್ನೆಗೆ ಒಂದು ಬಾರಿಸಿದ. ಬಯಲೆಲ್ಲ ಕೇಳಿಸುವಂಥ ಏಟು. ಬೋರ್ಡಿನವನು ತೂರಾಡಿದ, ಬೀಳಲಿಲ್ಲ.

"ಇದು ತಪ್ಗೆ" ಎಂದ ನಾಯಕ. ಹತ್ತಿರ ಬಂದು ತನ್ನ ಮುಖವನ್ನು ಮುಂದೆ ಒಡ್ಡಿದ. "ಈಗ ನೀನ್ ವಡಿ. ಕಿವಿಗೆ, ಅಂಗ್ಡಿಗೆ. ವಡೀಲಾ!"

ಬೋರ್ಡಿನವನು ನನ್ನ ಕಡೆ ನೋಡಿದ. ಬೇಡ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಇಡೀ ಮೈಯ ಭಾರ ಹಾಕಿ ಮುಷ್ಟಿಯಿಂದ ಗುದ್ದಿದ. ನಾಯಕನ ಮೂಗು ಒಂದು ಪಕ್ಕಕ್ಕೆ ವಾಲಿತು. ರಕ್ತ ಗದ್ದ ದಾಟಿ ಎದೆಗೆ ಹರಿಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ, ಮೂಗು ಹಿಡಿದುಕೊಂಡು ಹಾಗೇ ನಿಂತ. ಹುಡುಗರಲ್ಲಿ ಒಬ್ಬನೂ ಕದಲಲಿಲ್ಲ. ಅವರೆಲ್ಲರ ಮುಖದಲ್ಲಿ ಈಗ ಸರಿಹೋಯಿತು ಎನ್ನುವಂಥ ನೆಮ್ಮದಿ ಇತ್ತು. ಬೋರ್ಡಿನವನ ಮುಖದಲ್ಲೂ ಇತ್ತು. ನಿಜ ಗೊತ್ತಾದರೆ ಹೊಡೆದಾಟ ನಿಲ್ಲುತ್ತದೆ ಎಂದು ನಾನು ದಾರಿಯುದ್ದಕ್ಕೂ ನಂಬಿಕೊಂಡು ಬಂದಿದ್ದೆ.

ನಾಯಕ ನನ್ನ ಮುಂದೆ ಬಂದು ನಿಂತ. ಬಾಯಿಂದ ರಕ್ತ ಉಗಿದು ಹೇಳಿದ: "ಮೇಡಂ, ನೀವೂ ವಡೀರಿ. ಎಡ್ಗೈಲಿ ವಡೀರಿ. ಕಲ್ಲು ಬೇಕಾದ್ರೆ ಕೊಡ್ತೀನಿ."

ಹೊಡೆಯಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ. ಎಡಗೈ ತಾನಾಗಿ ಮುಷ್ಟಿಯಾಗಿತ್ತು, ಕಿರುಬೆರಳೊಂದು ಮಡಚದೆ ಹೊರಗೆ ಚಾಚಿತ್ತು. ರಾತ್ರಿ ಮಗ್ಗಲು ಬದಲಿಸಲಾಗದೆ ಬಿದ್ದಿದ್ದಾಗಲೆಲ್ಲ ಇವನ ಮುಖವನ್ನು ಹೀಗೇ ಹತ್ತಿರದಲ್ಲಿ ಕಲ್ಪಿಸಿಕೊಂಡಿದ್ದೆ. ಆದರೆ ಹೊಡೆದರೆ ಅವನ ಲೆಕ್ಕ ಅಲ್ಲಿಗೆ ಮುಗಿದುಹೋಗುತ್ತದೆ. ನನ್ನದು ಮುಗಿಯುವುದಿಲ್ಲ.

"ನಾನು ಹೊಡೆಯೋದಿಲ್ಲ" ಎಂದೆ. "ಕೇಸು ವಾಪಸ್ ತೆಗೆದುಕೊಳ್ಳೋದೂ ಇಲ್ಲ."

ಹುಡುಗರು ಗುಜುಗುಜು ಎಂದರು. ಒಬ್ಬ, "ನಾಯ ಅಂದ್ರೆ ನಾಯ ಕಣಮ್ಮ, ವಡ್ದು ಮುಗಿಸ್ಬುಡಿ" ಎಂದ. ಹೊಡೆಸಿಕೊಳ್ಳುವಾಗ ಅಲ್ಲಾಡದ ನಾಯಕನ ಮುಖ ಆಗ ಬಿಳುಚಿತು. ಕೊನೆಗೆ, "ತಕಬ್ಯಾಡಿ" ಎಂದ. ಅಷ್ಟು ಹೇಳಿ ನಲ್ಲಿಯ ಕಡೆ ನಡೆದ.

ಬೋರ್ಡಿನವನಿಗೆ ಈಗ ಎಡಗಿವಿ ಅರೆಬರೆ ಕೇಳಿಸುತ್ತದೆ. ಹೊಸ ಬೋರ್ಡು ಕಟ್ಟಿದ್ದಾನೆ. ಪಂದ್ಯದ ಮುಂಚೆ ಎರಡೂ ತಂಡದ ನಾಯಕರನ್ನು ಕರೆದು ಬೇಕೆಂದೇ ಒಂಬತ್ತು, ಹನ್ನೆರಡು, ನೂರು ಎಂದು ಹಾಕಿ ತೋರಿಸುತ್ತಾನೆ. ಅವರು ಹೂಂ ಎಂದ ಮೇಲೆಯೇ ಜನರೇಟರು ಹಾಕುತ್ತಾನೆ. ಅಂಗಡಿಗೆ ನುಗ್ಗಿದ ಹುಡುಗರ ಮೇಲೆ ಅವನು ದೂರು ಕೊಡಲಿಲ್ಲ. ಅದು ಅವನಿಗೆ ಬಿಟ್ಟದ್ದು. ಆ ಹುಡುಗರೇ ಗೋಡೆಗೆ ಸುಣ್ಣ ಬಳಿದು ಹೋದರಂತೆ.

ಮಳವಳ್ಳಿಯ ಕೋರ್ಟಿನಲ್ಲಿ ನನ್ನ ಸಾಕ್ಷಿಯಾಯಿತು. ಗಲಾಟೆಗೆ ಕಾರಣವೇನು ಎಂದು ಸರ್ಕಾರಿ ವಕೀಲರು ಕೇಳಿದರು. ಸಂಖ್ಯೆ, ಅಕ್ಷರ ಎಂದು ಬಿಡಿಸಿ ಹೇಳಲು ಹೊರಟೆ.

"ಅಷ್ಟೆಲ್ಲ ಬೇಡ ಮೇಡಂ. ಸ್ಕೋರು ತಪ್ಪಾಗಿತ್ತು ಅನ್ನಿ, ಸಾಕು."

"ಸ್ಕೋರು ಸರ್ಯಾಗಿತ್ತು ಸ್ವಾಮಿ" ಎಂದ ಕಟಕಟೆಯಲ್ಲಿ ನಿಂತಿದ್ದ ನಾಯಕ. "ಜೋಡ್ಸಿದ್ದು ತಪ್ಪಾಗಿತ್ತು."

ನ್ಯಾಯಾಧೀಶರು ಅವನಿಗೆ ಸುಮ್ಮನಿರಲು ಹೇಳಿದರು. ಹೊರಗೆ ಬಂದಾಗ ಅವನ ವಕೀಲರು ನನ್ನ ಹಿಂದೆಯೇ ಬಂದು ರಾಜಿಯ ಮಾತೆತ್ತಿದರು. ನಾನು ಉತ್ತರ ಕೊಡುವ ಮೊದಲೇ ನಾಯಕ ಅವರ ತೋಳು ಹಿಡಿದು ನಿಲ್ಲಿಸಿದ.

"ಅವ್ರು ಒಪ್ಪಲ್ಲ ಕಣ್ ಸಾ. ಕೇಳ್ಬ್ಯಾಡಿ."

ಮದ್ದೂರಿನ ಬಸ್ಸು ಹೊರಡುತ್ತಿತ್ತು. ಎಡಗೈಯಿಂದ ಕಂಬಿ ಹಿಡಿದು ಹತ್ತಿದೆ.